ಬೋರ್ ನೀರು, ಮಾಲ್ಟ್ ಮತ್ತು ಎರಡು ಗ್ರಾಂ ಹಾಪ್ಸ್

ಬಿಯರಿಗೆ ಕಹಿ, ಘಮ ಕೊಡುವ ಹೂವು ಹಾಪ್ಸ್. ಅದನ್ನು ಜಾಸ್ತಿ ಸುರಿದಷ್ಟೂ ಬಿಯರ್ ಚೆನ್ನಾಗಿರುತ್ತದೆ ಅಂತ ಹೇಳುವವರ ಮಾತನ್ನು ನಾನೀಗ ನಂಬುವುದಿಲ್ಲ. ಎಷ್ಟು ಹಾಕಿದೆವು ಅನ್ನೋದು ಆಮೇಲಿನ ಮಾತು, ಯಾವಾಗ ಹಾಕಿದೆವು ಅನ್ನೋದೇ ಮೊದಲು.

ಇದನ್ನು ತೋರಿಸಿಕೊಟ್ಟವನು ನನ್ನ ಅಕ್ಕನ ಮಗ. ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ಮಾಡುವುದೇ ಅವನ ಕೆಲಸ. ಮೇ ತಿಂಗಳಲ್ಲಿ ಕಲಬುರಗಿಗೆ ಬರುವಾಗ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಕ್ಯಾಸ್ಕೇಡ್ ಅನ್ನೋ ಜಾತಿಯ ಒಂದು ಪ್ಯಾಕೆಟ್ ಹಾಪ್ಸ್, ಜೊತೆಗೆ ಮೊಳಕೆ ಬಾರ್ಲಿಯಿಂದ ಮಾಡಿದ ಮಾಲ್ಟ್ ಪುಡಿ ತಂದಿದ್ದ. ನಮ್ಮ ರಾಜ್ಯದಲ್ಲಿ ಲೈಸನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಹಾಗಾಗಿ ಸಿಹಿಯನ್ನು ಮದ್ಯ ಮಾಡುವ ಯೀಸ್ಟ್ ಹಾಕುವ ಪ್ರಶ್ನೆಯೇ ಇರಲಿಲ್ಲ. ಯೀಸ್ಟ್ ಇಲ್ಲದಿದ್ದರೆ ಅದು ಬರೀ ಸಿಹಿ ಮಾಲ್ಟ್ ನೀರು, ವರ್ಟ್ ಅಂತಾರೆ. ಹಾಪ್ಸ್ ಏನು ಮಾಡುತ್ತದೆ ಅಂತ ತಿಳಿಯೋಕೆ ಅಷ್ಟು ಸಾಕು ಅಂದ.

ಪ್ಯಾಕೆಟ್ ಕತ್ತರಿಸಿದಾಗ ಬಂದ ವಾಸನೆ ನನಗೆ ಇನ್ನೂ ನೆನಪಿದೆ, ಮೋಸಂಬಿ ಸಿಪ್ಪೆ ಹಿಂಡಿದಾಗ ಬರುತ್ತದಲ್ಲ ಅದಕ್ಕೆ ಒಂಚೂರು ಹಸಿ ಹುಲ್ಲು ಸೇರಿದ್ದು. ಹಾಪ್ಸ್ ಅಂದರೆ ಒಂದು ಬಳ್ಳಿಯ ಹೆಣ್ಣು ಹೂವು. ಗಾಂಜಾ ಗಿಡ ಇದಕ್ಕೆ ದಾಯಾದಿ, ಎರಡೂ ಒಂದೇ ಕುಟುಂಬಕ್ಕೆ ಸೇರಿದವು (ಇದನ್ನು ಅವ್ವನ ಮುಂದೆ ಹೇಳಲಿಲ್ಲ). ಹೂವಿನ ಎಸಳುಗಳ ಬುಡದಲ್ಲಿ ಹಳದಿ ಪುಡಿ ಇರುತ್ತದೆ. ಕಹಿ, ಘಮ ಎರಡೂ ಅದರೊಳಗೇ. ಈಗ ಹೂವನ್ನು ಪುಡಿ ಮಾಡಿ, ಒತ್ತಿ, ಸಣ್ಣ ಹಸಿರು ಗುಳಿಗೆ ಮಾಡಿ ಮಾರುತ್ತಾರೆ.

ಆಳಂದದ ಕಡೆ ಇರುವ ನಮ್ಮ ಹೊಲದಲ್ಲಿ ಇದನ್ನು ಬೆಳೆಯಬಹುದಾ ಅಂತ ಕೇಳಿದೆ. ನಕ್ಕ. ಈ ಬಳ್ಳಿಗೆ ಬೇಸಿಗೆಯಲ್ಲಿ ಬಹಳ ಉದ್ದದ ಹಗಲು ಬೇಕು, ಚಳಿಗಾಲ ಗಟ್ಟಿ ಇರಬೇಕು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಜಗತ್ತಿಗೆ ಹೆಚ್ಚಾಗಿ ಹೋಗುವುದು ಅಮೆರಿಕದ್ದು ಮತ್ತು ಜರ್ಮನಿಯ ಹಾಲರ್ಟೌ ಕಡೆಯದ್ದು.

ಒಲೆಯ ಮೇಲೆ ಮೂರು ಪಾತ್ರೆ ಇಟ್ಟೆವು. ಒಂದೊಂದರಲ್ಲೂ ಒಂದು ಲೀಟರ್ ನೀರು, 100 ಗ್ರಾಂ ಮಾಲ್ಟ್ ಪುಡಿ, 2 ಗ್ರಾಂ ಹಾಪ್ಸ್. ಮೂರಕ್ಕೂ ಅಳತೆ ಒಂದೇ, ಹೊತ್ತು ಮಾತ್ರ ಬೇರೆ. ಒಂದರಲ್ಲಿ ಹಾಪ್ಸ್ ಒಂದು ಗಂಟೆ ಕುದಿಯಿತು, ಆವಿಯಾದಷ್ಟು ಬಿಸಿನೀರು ಸೇರಿಸುತ್ತಾ ಹೋದ. ಇನ್ನೊಂದರಲ್ಲಿ ಕೊನೆಯ 10 ನಿಮಿಷಕ್ಕೆ ಹಾಕಿದ. ಮೂರನೆಯದಕ್ಕೆ ಒಲೆ ಆರಿಸಿ, ಶಾಖ 80 ಡಿಗ್ರಿಗೆ ಇಳಿದ ಮೇಲೆ ಹಾಕಿ ಮುಚ್ಚಿಟ್ಟ. ಹೊರಗೆ 43 ಡಿಗ್ರಿ ಬಿಸಿಲು, ಒಳಗೆ ಮೂರು ಒಲೆ, ಅದರ ಮೇಲೆ ಕರೆಂಟ್ ಬೇರೆ ಹೋಯಿತು. ಆ ಒಂದು ಗಂಟೆಯ ಬಗ್ಗೆ ಜಾಸ್ತಿ ಬರೆಯುವುದು ಬೇಡ.

ಆರಿದ ಮೇಲೆ ಕುಡಿದು ನೋಡಿದೆವು. ಮೊದಲನೆಯದು ನೇರ ಕಹಿ, ಮೋಸಂಬಿಯ ಸುಳಿವೇ ಇಲ್ಲ. ಎರಡನೆಯದರಲ್ಲಿ ಕಹಿ ಅರ್ಧಕ್ಕಿಂತ ಕಡಿಮೆ, ಘಮ ಸ್ವಲ್ಪ. ಮೂರನೆಯದು ಪ್ಯಾಕೆಟ್ ಕತ್ತರಿಸಿದಾಗಿನ ಅದೇ ವಾಸನೆ, ಕಹಿ ನಾಲಿಗೆಗೆ ಸುಮ್ನೆ ತಾಗಿ ಹೋಗುವಷ್ಟು. ಒಂದೇ ಪ್ಯಾಕೆಟ್ಟಿನ ಹಾಪ್ಸ್ ಅಂದರೆ ಯಾರೂ ನಂಬುವುದಿಲ್ಲ.

ಕಾರಣ ಹೀಗಿದೆ. ಕಹಿ ಕೊಡುವ ಆಲ್ಫಾ ಆಮ್ಲಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಬಹಳ ಹೊತ್ತು ಕುದಿಸಿದಾಗ ಅವುಗಳ ರೂಪ ಬದಲಾಗಿ ಕರಗುತ್ತವೆ. ಘಮದ ಎಣ್ಣೆಗಳು ಅದಕ್ಕೆ ಉಲ್ಟಾ, ಕುದಿಸಿದಷ್ಟೂ ಹಬೆಯ ಜೊತೆ ಹಾರಿಹೋಗುತ್ತವೆ. ಅಳಿಯ ಲೆಕ್ಕವನ್ನೂ ಹೇಳಿದ: ಪ್ಯಾಕೆಟ್ ಮೇಲೆ ಆಲ್ಫಾ ಶೇಕಡ 6 ಅಂತಿತ್ತು, ಅಂದರೆ 2 ಗ್ರಾಂನಲ್ಲಿ 120 ಮಿಲಿಗ್ರಾಂ, ಗಂಟೆ ಕುದಿಸಿದರೆ ಅದರಲ್ಲಿ ಕಾಲು ಭಾಗ ನೀರಿಗೆ ಇಳಿಯುತ್ತದೆ, ಲೀಟರಿಗೆ 30 ಮಿಲಿಗ್ರಾಂ. ಬಿಯರಿನವರು ಕಹಿಯನ್ನು ಐಬಿಯು ಅಂತ ಅಳೆಯುವುದು ಹೆಚ್ಚುಕಡಿಮೆ ಇದನ್ನೇ.

ಅವ್ವ ಇದೆಲ್ಲ ಕೇಳಿಸಿಕೊಂಡು, "ಕೊತ್ತಂಬರಿ ಕಡೀಗೆ ಹಾಕಂಗ ಅಲ್ಲೇನೋ? ಅದಕ್ಕ ಇಷ್ಟು ಪುರಾಣ ಯಾಕ?" ಅಂದಳು. ಅವನ ಇಡೀ ಲೆಕ್ಕ ಅಲ್ಲಿಗೆ ಮುಗಿಯಿತು.

ನನಗೆ ಹೆಚ್ಚು ಹಿಡಿಸಿದ್ದು ನೀರಿನ ವಿಷಯ. ಶುರುವಿನಲ್ಲೇ ಅವನು "ಮಾಮಾ, ಬೋರ್ ನೀರು ಬ್ಯಾಡ್ರಿ, ಕ್ಯಾನ್ ನೀರು ತರಿಸ್ರಿ" ಅಂದಿದ್ದ. ನಮ್ಮ ಬೋರ್ ನೀರು ಎಷ್ಟು ಗಡಸು ಅಂದರೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ನಾನು ಬಿಡಬೇಕಲ್ಲ, ಗಂಟೆ ಕುದಿಸುವ ಪಾತ್ರೆಯನ್ನು ಬೋರ್ ನೀರಿನಲ್ಲಿ ಇನ್ನೊಂದು ಸಲ ಮಾಡಿಸಿದೆ. ಅದೇ 2 ಗ್ರಾಂ, ಆದರೆ ಕಹಿ ಒರಟಾಗಿ ಗಂಟಲಲ್ಲೇ ಕೂತುಬಿಟ್ಟಿತು. ನೀರಿನಲ್ಲಿ ಕ್ಷಾರ ಜಾಸ್ತಿ ಇದ್ದರೆ ಹೀಗಾಗುತ್ತದಂತೆ. ನಾಲ್ಕು ಹನಿ ನಿಂಬೆರಸ ಹಿಂಡಿದ, ಕುಡಿಯುವ ಹಾಗಾಯಿತು. 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸನ್ ಊರಿನಲ್ಲಿ ಪಿಲ್ಸ್ನರ್ ಅನ್ನೋ ತಿಳಿ ಹೊಂಬಣ್ಣದ ಬಿಯರ್ ಹುಟ್ಟಿದ್ದಕ್ಕೆ ಅಲ್ಲಿನ ಬಹಳ ಮೆದುವಾದ ನೀರೂ ಒಂದು ಕಾರಣ. ಅಲ್ಲಿ ಹಾಪ್ಸ್ ಧಾರಾಳವಾಗಿ ಹಾಕಿದರೂ ನಾಲಿಗೆ ಹಿಡಿಯುವುದಿಲ್ಲ.

ಉಳಿದ ಹಾಪ್ಸನ್ನು ಗಾಳಿ ಹಿಂಡಿ, ಬಾಯಿ ಬಿಗಿದು ಫ್ರೀಜರಿನಲ್ಲಿ ಇಟ್ಟೆವು. ಬಿಸಿ, ಗಾಳಿ, ಬೆಳಕು ಮೂರೂ ಇದಕ್ಕೆ ಆಗಿಬರುವುದಿಲ್ಲ. ಈ ಊರಿನ ಬೇಸಿಗೆಯಲ್ಲಿ ಹೊರಗೆ ಬಿಟ್ಟರೆ ಹಳೇ ಚೀಸಿನ ವಾಸನೆ ಬಂದು ಕಹಿಯೂ ಹೋಗುತ್ತದೆ. ಮೀನು ತಂದರೂ ಫ್ರಿಜ್ಜಿನಲ್ಲಿ ಇಡಲು ಬಿಡದ ಅವ್ವ ಇದಕ್ಕೆ ಹೇಗೆ ಒಪ್ಪಿದಳೋ ಗೊತ್ತಿಲ್ಲ.

ಮುಂದಿನ ಸಲ ಸಾಜ್ ತರಲು ಹೇಳಿದ್ದೇನೆ, ಪಿಲ್ಸನ್ನಿನವರು ಹಾಕುವ ಜಾತಿ. ಅದರಲ್ಲಿ ಆಲ್ಫಾ ಶೇಕಡ 3ರಿಂದ 4 ಮಾತ್ರ. ಹಾಗಾಗಿ ಇದೇ ಕಹಿ ಬೇಕಾದರೆ 2 ಗ್ರಾಂ ಸಾಲದು, ಲೀಟರಿಗೆ ಮೂರರಿಂದ ನಾಲ್ಕು ಗ್ರಾಂ ಬೇಕು. ಕ್ಯಾನ್ ನೀರು ನಾನೇ ತರಿಸಿಡುತ್ತೇನೆ.