ಕಕ್ಕಡದ ಮಳೆಯಲ್ಲಿ ಆನ್ ಆಗದ ಪ್ಲೇಯರ್

ಅಮ್ಮನ ಹತ್ತಿರ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಮ್ಯೂಸಿಕ್ ಪ್ಲೇಯರ್ ಇದೆ. ಹಾಡು ಕೇಳಬಹುದು, ರೆಕಾರ್ಡ್ ಕೂಡ ಮಾಡಬಹುದು. ಅಜ್ಜಿ ಇದ್ದಾಗ ಹೇಳಿದ ಸೋಬಾನೆ ಹಾಡುಗಳೆಲ್ಲ ಅದರಲ್ಲೇ ಇವೆ, ಬೇರೆಲ್ಲೂ ಇಲ್ಲ. ಹೋದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜುಲೈ-ಆಗಸ್ಟ್ ಹೊತ್ತಿನ ಮಳೆ ತಿಂಗಳಲ್ಲಿ, ನಾನು ಭಾಗಮಂಡಲದ ಹತ್ತಿರದ ಮನೆಗೆ ಹೋದಾಗ ಅದು ಆನ್ ಆಗಲೇ ಇಲ್ಲ. ಗುಂಡಿ ಎಷ್ಟು ಒತ್ತಿದರೂ ಪರದೆ ಕಪ್ಪು.

ಕಕ್ಕಡ ಅಂದರೆ ಗೊತ್ತಲ್ವಾ, ಮಳೆ ಬಿಡುವುದೇ ಇಲ್ಲ. ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಪುಸ್ತಕದ ಬೈಂಡಿಗೂ ಬೂಷ್ಟು. ತಂತಿಯ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇಲ್ಲ. "ಒಲೆ ಮೇಲಿನ ಅಟ್ಟದಲ್ಲಿ ಇಡು, ಒಣಗಿ ಸರಿಯಾಗ್ತದೆ" ಅಂದರು ಚಿಕ್ಕಪ್ಪ. ನಾನು ಖಂಡಿತ ಬೇಡ ಅಂದೆ. ಒಳಗಿರುವುದು ಲಿಥಿಯಂ ಬ್ಯಾಟರಿ. 45 ಡಿಗ್ರಿ ದಾಟಿದರೆ ಅದನ್ನು ಚಾರ್ಜ್ ಮಾಡುವುದೇ ಒಳ್ಳೆಯದಲ್ಲ, ಇನ್ನು ಒಲೆಯ ಕಾವಿನಲ್ಲಿ ಇಡುವುದು ಹೇಗೆ? ಅಕ್ಕಿಯಲ್ಲಿ ಹೂತಿಡುವ ಮಾತೂ ಬಂತು. ಅಕ್ಕಿಯ ಹುಡಿ ಚಾರ್ಜಿಂಗ್ ತೂತಿನೊಳಗೆ ಸೇರಿಕೊಂಡರೆ ಅದು ಇನ್ನೊಂದು ತಲೆನೋವು.

ಇಂಥ ಸಾಮಾನನ್ನು ಹೊರಗಿನಿಂದ ಒಳಕ್ಕೆ ನೋಡುತ್ತಾ ಹೋಗಬೇಕು. ಮೊದಲು ಪಕ್ಕದಲ್ಲಿರುವ ಹೋಲ್ಡ್ ಸ್ವಿಚ್. ಅದು ಜಾರಿ ಲಾಕ್ ಆಗಿದ್ದರೆ ಯಾವ ಗುಂಡಿಯೂ ಕೆಲಸ ಮಾಡುವುದಿಲ್ಲ. ಅದು ಸರಿಯಿತ್ತು. ಆಮೇಲೆ ಕೇಬಲ್ ಬದಲಾಯಿಸಿದೆ. ಟಾರ್ಚ್ ಹಾಕಿ ಚಾರ್ಜಿಂಗ್ ತೂತಿನೊಳಗೆ ನೋಡಿದರೆ ಪಿನ್ನಿನ ತುದಿಯಲ್ಲಿ ಹಸಿರು ಪಾಚಿಯಂಥದ್ದು. ತಾಮ್ರಕ್ಕೆ ತೇವ ತಗಲಿದರೆ ಹಾಗಾಗುತ್ತದೆ. ಮೊಬೈಲ್ ರಿಪೇರಿಯವರು ಐಪಿಎ ಅನ್ನುವ ಆಲ್ಕೋಹಾಲ್ ನನ್ನ ಬ್ಯಾಗಿನಲ್ಲಿತ್ತು. ಮೆತ್ತನೆಯ ಬ್ರಷ್ಷಿಗೆ ಒಂದು ಹನಿ ಹಾಕಿ ಉಜ್ಜಿದೆ, ಪೂರ್ತಿ ಆರುವವರೆಗೆ ಕಾದೆ.

ಕರೆಂಟ್ ಬಂದಾಗ ಚಾರ್ಜಿಗೆ ಹಾಕಿದೆ. ಪರದೆ ಬೆಳಗಲಿಲ್ಲ. ಇಲ್ಲೇ ಜಾಸ್ತಿ ಜನ ಕೈಬಿಡುವುದು, ಆದರೆ ಇಲ್ಲೇ ತಾಳ್ಮೆ ಬೇಕು. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಅಮ್ಮ ಅದನ್ನು ಮುಟ್ಟಿರಲಿಲ್ಲ. ಸುಮ್ನೆ ಇಟ್ಟರೂ ಬ್ಯಾಟರಿ ನಿಧಾನಕ್ಕೆ ಇಳಿಯುತ್ತದೆ. ತುಂಬಿದಾಗ 4.2 ವೋಲ್ಟ್ ಇರುವುದು ಸುಮಾರು 3 ವೋಲ್ಟಿಗಿಂತ ಕೆಳಗೆ ಹೋದರೆ, ಚಾರ್ಜಿಂಗ್ ಸರ್ಕ್ಯೂಟ್ ಮೊದಲು ತೀರಾ ಕಡಿಮೆ ಕರೆಂಟ್ ಕೊಟ್ಟು ಮೆಲ್ಲಗೆ ಎತ್ತುತ್ತದೆ. ಆ ಹೊತ್ತಿನಲ್ಲಿ ಹೊರಗೆ ಏನೂ ಕಾಣದೇ ಇರಬಹುದು. ಹಾಗಾಗಿ ಕೆಲವು ಗಂಟೆ ಬಿಟ್ಟೆ. ಆಮೇಲೆ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಸಾಫ್ಟ್‌ವೇರ್ ಸಿಕ್ಕಿಹಾಕಿಕೊಂಡಿದ್ದರೆ ಇಂಥ ಎಷ್ಟೋ ಪ್ಲೇಯರ್‌ಗಳು ಅಷ್ಟಕ್ಕೇ ಎದ್ದು ಬಿಡುತ್ತವೆ. ಇದು ಏಳಲಿಲ್ಲ.

ಮಲಗುವ ಮುಂಚೆ ಬೆರಳಾಡಿಸಿ ನೋಡಿದೆ. ಹಿಂಬದಿಯ ಮುಚ್ಚಳ ಒಂದು ಕಡೆ ಸ್ವಲ್ಪ ಉಬ್ಬಿತ್ತು. ತಕ್ಷಣ ಕೇಬಲ್ ಕಿತ್ತೆ. ಊದಿದ ಬ್ಯಾಟರಿಗೆ ಚಾರ್ಜ್ ಹಾಕಬಾರದು, ಅದುಮಬಾರದು, ಚುಚ್ಚಲೇಬಾರದು. ಬೆಂಕಿ ಹತ್ತಿಕೊಳ್ಳುವ ವಸ್ತು ಅದು.

"ಹಾಡೆಲ್ಲ ಹೋಯ್ತಾ?" ಅಂತ ಅಮ್ಮ ಕೇಳಿದರು. ಆ ಪ್ರಶ್ನೆಗೆ ನನಗೇ ಹೊಟ್ಟೆ ಕಿವುಚಿದಂತಾಯಿತು.

ಮಾರನೇ ದಿನ ಚೇರಂಬಾಣೆ, ಬೆಟ್ಟಗೇರಿ ದಾಟಿ ಮಡಿಕೇರಿಗೆ ಬಸ್ಸಿನಲ್ಲಿ ಹೋದೆ. ರಿಪೇರಿ ಅಂಗಡಿಯ ಹುಡುಗ ಮುಚ್ಚಳ ತೆಗೆದು ಮೀಟರ್ ಇಟ್ಟ. ಎರಡು ವೋಲ್ಟ್ ಕೂಡ ಇರಲಿಲ್ಲ. ಅಷ್ಟು ಕೆಳಗೆ ಹೋದ ಬ್ಯಾಟರಿಯೊಳಗೆ ತಾಮ್ರದ ಹಾಳೆ ಕರಗಲು ಶುರುವಾಗಿ ಒಳಗೇ ಶಾರ್ಟ್ ಆಗಬಹುದು. ಹೇಗಾದರೂ ಎಬ್ಬಿಸು ಅಂತ ಹಟ ಹಿಡಿಯುವುದು ಸರಿಯಲ್ಲ.

"ಹಾಡಿಗೇನೂ ಆಗಿರಲ್ಲ ಅಣ್ಣ. ಅದು ಚಿಪ್ಪಲ್ಲಿರೋದು, ಬ್ಯಾಟ್ರಿಯಲ್ಲಲ್ಲ" ಅಂದ. ಫ್ಲಾಶ್ ಮೆಮೊರಿಗೆ ಬರೆದದ್ದನ್ನು ಉಳಿಸಿಕೊಳ್ಳಲು ಕರೆಂಟ್ ಬೇಕಿಲ್ಲ. ನನಗೂ ಗೊತ್ತಿದ್ದ ವಿಷಯವೇ, ಆದರೂ ಅವನ ಬಾಯಿಂದ ಕೇಳಿದಾಗ ಉಸಿರು ಬಂತು.

ಹಳೇ ಬ್ಯಾಟರಿಯ ಮೇಲೆ 503040 ಅಂತಿತ್ತು. ದಪ್ಪ 5 ಮಿಲಿಮೀಟರ್, ಅಗಲ 30, ಉದ್ದ 40. ಕಂಪನಿ ಯಾವುದಾದರೂ ಸರಿ, ಆ ಅಳತೆಯ 3.7 ವೋಲ್ಟಿನದು ಸಿಕ್ಕಿದರೆ ಸಾಕು, ಜೊತೆಗೆ ರಕ್ಷಣೆಯ ಪುಟ್ಟ ಸರ್ಕ್ಯೂಟ್ ಇರಬೇಕು. ಅವನ ಡ್ರಾಯರಿನಲ್ಲಿ ಇತ್ತು. ಕೆಂಪು ವೈರ್, ಕಪ್ಪು ವೈರ್ ಬೆಸುಗೆ ಹಾಕಿದ. ಪ್ಲೇಯರ್ ಆನ್ ಆಯಿತು. ತಾರೀಕು ಯಾವುದೋ ಹಳೇ ವರ್ಷಕ್ಕೆ ಹೋಗಿತ್ತು, ಹಾಡುಗಳು ಹಾಗೇ ಇದ್ದವು. ಊದಿದ ಬ್ಯಾಟರಿಯನ್ನು ಇ-ತ್ಯಾಜ್ಯದ ಜೊತೆ ಕಳಿಸಲು ಅವನೇ ಇಟ್ಟುಕೊಂಡ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಎಲ್ಲವನ್ನೂ ಲ್ಯಾಪ್‌ಟಾಪಿಗೂ ಒಂದು ಪೆನ್‌ಡ್ರೈವಿಗೂ ಹಾಕಿದ್ದು. ಪ್ಲೇಯರನ್ನು ಅರ್ಧ ಚಾರ್ಜ್ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟೆ. ಕೆಲವು ತಿಂಗಳಿಗೊಮ್ಮೆ ತೆಗೆದು ಚಾರ್ಜ್ ಮಾಡಲು ಅಮ್ಮನಿಗೆ ಹೇಳಿದ್ದೇನೆ.

ಫೈಲ್‌ಗಳ ಹೆಸರೆಲ್ಲ ಬರೀ ನಂಬರು. ಯಾವುದು ಯಾವ ಹಾಡು ಅಂತ ಹೇಳಬಲ್ಲವರು ಈಗ ಅಮ್ಮ ಒಬ್ಬರೇ. ಅವರು ಕೇಳಿ ಕೇಳಿ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ. ಇನ್ನೂ ಅರ್ಧದಷ್ಟು ಬಾಕಿ ಇದೆ.