ಗ್ರಹಣ ಇಲ್ಲಿಯೂ ಕಾಣುತ್ತದಲ್ಲ, ಅಮೆರಿಕಕ್ಕೇಕೆ ಹೋದಿರಿ?

2024ರ ಏಪ್ರಿಲ್ 8ರ ಖಗ್ರಾಸ, ಅಂದರೆ ಸೂರ್ಯ ಪೂರ್ತಿ ಮುಚ್ಚಿಹೋಗುವ ಗ್ರಹಣ ನೋಡಲೆಂದೇ ನಾನು ಅಮೆರಿಕದ ಡಲ್ಲಾಸ್‌ಗೆ ಹೋಗಿದ್ದೆ. ಅಂದಿನಿಂದ ಕಾರವಾರದ ಪೇಟೆಯಲ್ಲಿ, ಶಿರಸಿಯ ನೆಂಟರ ಮನೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಒಂದೇ ಪ್ರಶ್ನೆ: “ಗ್ರಹಣ ನಮ್ಮ ಅಂಗಳದಲ್ಲೇ ಕಾಣುತ್ತದಲ್ಲ, ಅಷ್ಟು ಹಣ ಸುರಿದು ಅಲ್ಲಿಗೇಕೆ ಹೋದಿರಿ?”

ನಮ್ಮ ಅಂಗಳಕ್ಕೆ ಸಿಗುವುದು ಹೆಚ್ಚಾಗಿ ಪಾರ್ಶ್ವ ಗ್ರಹಣ, ಸೂರ್ಯನ ಒಂದು ಭಾಗವಷ್ಟೇ ಮುಚ್ಚುವಂಥದ್ದು. 2019ರ ಡಿಸೆಂಬರ್ 26ರಂದು ಮಂಗಳೂರಿನವರು ಚಂದ್ರನ ಸುತ್ತ ಸೂರ್ಯ ಬಳೆಯಂತೆ ಉಳಿಯುವ ಕಂಕಣ ಗ್ರಹಣ ಕಂಡರು, ಕಾರವಾರದಲ್ಲಿ ನಮಗೆ ಬಾಗಿದ ತೆಳುವಾದ ಸೂರ್ಯ ಕಂಡ. ಅದೂ ಚಂದವೇ. ಆದರೆ ಸೂರ್ಯ ನೂರರಲ್ಲಿ ಒಂದು ಪಾಲು ಉಳಿದಿದ್ದರೂ ಹುಣ್ಣಿಮೆಯ ಚಂದ್ರನಿಗಿಂತ ಸಾವಿರಾರು ಪಟ್ಟು ಪ್ರಖರ. ಅವನ ಸುತ್ತಲಿನ ಕರೋನಾ ಎಂಬ ಹೊರ ವಾತಾವರಣದ ಬೆಳಕೋ ಹೆಚ್ಚುಕಡಿಮೆ ಹುಣ್ಣಿಮೆಯಷ್ಟೇ. ಆ ಕೊನೆಯ ಪಾಲೂ ಮುಚ್ಚಿದರೆ ಮಾತ್ರ ಅದರ ದರ್ಶನ. ಅದಕ್ಕೆ ಸರಿಯಾದ ಜಾಗದಲ್ಲೇ ನಿಲ್ಲಬೇಕು: ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದ್ದೇ ಸ್ಯಾನ್ ಆಂಟೋನಿಯೊ ನಗರದ ಉತ್ತರ ಭಾಗಕ್ಕೆ ಅಂದು ಖಗ್ರಾಸ ಸಿಕ್ಕಿತು, ದಕ್ಷಿಣ ಭಾಗಕ್ಕೆ ಸಿಗಲಿಲ್ಲ.

ಡಲ್ಲಾಸ್‌ನಲ್ಲಿ ಬೆಳಿಗ್ಗೆ ಮೋಡ ಕಾಡಿತ್ತು. ಮಧ್ಯಾಹ್ನ 1 ಗಂಟೆ 40 ನಿಮಿಷದ ಹೊತ್ತಿಗೆ ಸೂರ್ಯನ ಕಡೆ ತೆರವಾಯಿತು. ಸೂರ್ಯನ ಕೊನೆಯ ಕಿರಣ ವಜ್ರದುಂಗುರದಂತೆ ಮಿಂಚಿ ಆರಿದೊಡನೆ ಗ್ರಹಣದ ಕನ್ನಡಕ ತೆಗೆದೆ. ಪೂರ್ತಿ ಮುಚ್ಚಿರುವಷ್ಟು ಹೊತ್ತು ಮಾತ್ರ ಬರಿಗಣ್ಣು ಸಲ್ಲುತ್ತದೆ. ಕಪ್ಪು ಬಿಂಬದ ಸುತ್ತ ಬೆಳ್ಳಗಿನ ಎಳೆಗಳು. ಕೆಳ ಅಂಚಿನಲ್ಲಿ ಕೆಂಡದ ಚೂರಿನಂತೆ ಗುಲಾಬಿ ಬಣ್ಣದ ಒಂದು ಚುಕ್ಕೆ: ಸೂರ್ಯನಿಂದ ಎದ್ದ ಅನಿಲದ ಜ್ವಾಲೆ, ಭೂಮಿಗಿಂತಲೂ ದೊಡ್ಡದು, ದುರ್ಬೀನಿನ ಹಂಗಿಲ್ಲದೆ ಕಣ್ಣಿಗೆ ಕಂಡಿತು. ಪಕ್ಕದಲ್ಲಿ ಶುಕ್ರ. ಸುತ್ತ ದಿಗಂತದ ಉದ್ದಕ್ಕೂ ಸಂಜೆಗೆಂಪು. ನಾಲ್ಕು ನಿಮಿಷಕ್ಕೂ ತುಸು ಕಡಿಮೆ ಅವಧಿ. ನಾನು ಅತ್ತುಬಿಟ್ಟೆ.

ಖಗ್ರಾಸ ತರುವ ಚಂದ್ರನ ಇದೇ ನೆರಳು 1980ರ ಫೆಬ್ರವರಿ 16ರಂದು ನಮ್ಮ ಮನೆ ಬಾಗಿಲಿಗೇ ಬಂದಿತ್ತು. ಅಂಕೋಲೆಯಲ್ಲಿ ಎರಡೂವರೆ ನಿಮಿಷಕ್ಕೂ ಮಿಕ್ಕಿ ಖಗ್ರಾಸ. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಖಗೋಳ ವಿಜ್ಞಾನಿಗಳು ಬೀಡುಬಿಟ್ಟಿದ್ದರು, ಹೈದರಾಬಾದ್ ಬಳಿಯ ಜಪಾಲ್–ರಂಗಾಪುರಕ್ಕೆ ವಿದೇಶಗಳಿಂದಲೂ ಬಂದಿದ್ದರು. ನಮ್ಮ ಆಯಿ ಅಂಕೋಲೆಯ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ಕಿಟಕಿ ಮುಚ್ಚಿ, ಒಳಗೆ ಕುಳಿತಿದ್ದಳು. ಅವಳನ್ನು ದೂರಲಾರೆ, ಹೊರಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಒಂದೇ ಊರಿಗೆ ಖಗ್ರಾಸ ಮರಳಲು ಸರಾಸರಿ 375 ವರ್ಷ ಬೇಕು. ಹಾಗಾಗಿ ನೆರಳು ಹೋದಲ್ಲಿಗೆ ನಾವೇ ಹೋಗಬೇಕು.

2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಖಗ್ರಾಸವಿದೆ. ಆಯಿಗೂ ಪಾಸ್‌ಪೋರ್ಟ್ ಮಾಡಿಸಿದ್ದೇನೆ. ವಿದೇಶ ಬೇಡವೆನ್ನುವವರು 2034ರ ಮಾರ್ಚ್ 20ನ್ನು ಗುರುತು ಹಾಕಿಕೊಳ್ಳಿ: ಅಂದು ನೆರಳು ಕಾಶ್ಮೀರ–ಲಡಾಖ್ ಭಾಗದ ಮೇಲೆ ಹಾಯುತ್ತದೆ.