ಆಲ್ಬಿಯನ್‌ನಲ್ಲಿ ಬಟ್ಟೆ ಮಾಡಿದರೆ ಗಿಟ್ಟುತ್ತದೆಯೇ: ಲಿಮ್‌ಹರ್ಸ್ಟ್ ಲೆಕ್ಕ, 3ನೇ ಕಂತು

ಟಿ4 (ನಾಲ್ಕನೇ ದರ್ಜೆ) ಬಟ್ಟೆಯ ಲೆಕ್ಕ ಮುಗಿಯಿತು, ಈ ಕಂತು ಆಲ್ಬಿಯನ್ ಆನ್‌ಲೈನ್ ಎಂಬ ಆಟದ ಟಿ5 ಬಟ್ಟೆಯದು. ಊರು ಅದೇ ಲಿಮ್‌ಹರ್ಸ್ಟ್, ಏಕೆಂದರೆ ನಾರಿಗೆ ಹೆಚ್ಚುವರಿ ರಿಟರ್ನ್ (ಹಾಕಿದ ಸಾಮಾನಿನಲ್ಲಿ ವಾಪಸ್ ಬರುವ ಪಾಲು) ಸಿಗುವುದು ಅಲ್ಲೇ. ಅದಿರಾದರೆ ಥೆಟ್‌ಫರ್ಡ್, ಚರ್ಮವಾದರೆ ಮಾರ್ಟ್‌ಲಾಕ್, ಮರವಾದರೆ ಫೋರ್ಟ್ ಸ್ಟರ್ಲಿಂಗ್, ಕಲ್ಲಾದರೆ ಬ್ರಿಜ್‌ವಾಚ್.

ಒಂದು ಟಿ5 ಬಟ್ಟೆಗೆ 3 ಟಿ5 ನಾರು, 1 ಟಿ4 ಬಟ್ಟೆ ಬೇಕು. ಮಾರ್ಕೆಟ್ ದರ ದಿನಕ್ಕೊಂದು ಥರ, ಹಾಗಾಗಿ ಲೆಕ್ಕಕ್ಕೆಂದು ನಾರು 300, ಟಿ4 ಬಟ್ಟೆ 400, ಟಿ5 ಬಟ್ಟೆ 950 ಸಿಲ್ವರ್ (ಆಟದ ದುಡ್ಡು) ಎಂದು ಹಿಡಿಯೋಣ. ಸಾಮಾನಿಗೇ 1,300 ಆಯಿತು, ಮಾರುವುದು 950ಕ್ಕೆ. ಹೊಸಬರು ಇಲ್ಲಿಗೇ ಕೈಬಿಟ್ಟು 'ಕ್ರಾಫ್ಟಿಂಗ್ ಸತ್ತಿದೆ' ಅನ್ನುತ್ತಾರೆ. ಆದರೆ ಈ 950 ನಿಂತಿರುವುದೇ ರಿಟರ್ನ್ ಪಡೆಯುವವರ ಖರ್ಚಿನ ಮೇಲೆ.

ರಿಟರ್ನ್ ಸೂತ್ರ ಸರಳ: ಬೋನಸ್ ÷ (100 + ಬೋನಸ್). ರಾಯಲ್ ಊರಿನ (ಮೇಲೆ ಹೇಳಿದ ಐದು ಊರುಗಳ) ಮೂಲ ಬೋನಸ್ 18, ಆ ಊರಿನ ಸಾಮಗ್ರಿಯಾದರೆ ಇನ್ನೂ 40, ಫೋಕಸ್ (ದಿನಾ ಸೇರುವ ಅಂಕ) ಹಾಕಿದರೆ ಮತ್ತೆ 59. ಅಂದರೆ ಬೇರೆ ಊರಲ್ಲಿ ಶೇ. 15.2, ಲಿಮ್‌ಹರ್ಸ್ಟ್‌ನಲ್ಲಿ ಶೇ. 36.7, ಅಲ್ಲೇ ಫೋಕಸ್ ಹಾಕಿ ಮಾಡಿದರೆ ಶೇ. 53.9. ಹೀಗಾಗಿ ಒಂದು ಬಟ್ಟೆಯ ಅಸಲು ಕ್ರಮವಾಗಿ 1,102, 823, 599.

950ಕ್ಕೆ ಸೆಲ್ ಆರ್ಡರ್ ಇಟ್ಟರೆ (ಆ ಬೆಲೆಗೆ ಮಾರ್ಕೆಟ್‌ನಲ್ಲಿ ಮಾರಾಟಕ್ಕಿಟ್ಟರೆ) ಸೆಟಪ್ ಫೀ ಶೇ. 2.5, ಪ್ರೀಮಿಯಂ (ಕೊಂಡು ಪಡೆಯುವ ಸದಸ್ಯತ್ವ) ಇದ್ದವರಿಗೆ ತೆರಿಗೆ ಶೇ. 4. ಕೈಗೆ ಬರುವುದು 888. ರಿಫೈನ್ ಮಾಡುವ (ನಾರನ್ನು ಬಟ್ಟೆಯಾಗಿಸುವ) ಕಟ್ಟಡದ ಶುಲ್ಕ 30 ಎಂದು ಕಳೆದರೆ ಫೋಕಸ್ ಇಲ್ಲದೆ 35, ಫೋಕಸ್ ಹಾಕಿ 259 ಉಳಿಯುತ್ತದೆ. ಪ್ರೀಮಿಯಂ ಇಲ್ಲದವರಿಗೆ ತೆರಿಗೆ ಶೇ. 8. ಅವರಿಗೆ 850 ಬಂದು, ಶುಲ್ಕ ಹೋದ ಮೇಲೆ ಬಟ್ಟೆಗೆ 3 ಸಿಲ್ವರ್ ನಷ್ಟ. ಸಾಮಾನನ್ನು ಬೈ ಆರ್ಡರ್ ಇಟ್ಟು ಕೊಂಡರೆ ಅದಕ್ಕೂ ಶೇ. 2.5 ಫೀ ಇದೆ. ಅದು ಬಟ್ಟೆಗೆ ಸುಮಾರು 21, ಆ 35ರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲೇ ಕರಗಿತು. ಬಹಳ ಜನ ಎಡವುವುದು ಇಲ್ಲೇ.

ಇನ್ನೊಂದು ತಪ್ಪು, ತಾವೇ ಕೊಯ್ದು ತಂದ ನಾರು ಬಿಟ್ಟಿ ಎಂದುಕೊಳ್ಳುವುದು. ಮನೆ ಹೊಲದ ರಾಗಿ ಎಂದು ಅದಕ್ಕೆ ಬೆಲೆ ಇಲ್ಲವೇ? ಹಾಗೇ ಮಾರಿದ್ದರೆ ಸಿಗುತ್ತಿದ್ದ ದುಡ್ಡೇ ಅದರ ಖರ್ಚು. ನಾರನ್ನೇ ಮಾರಿದ್ದರೆ ಹೆಚ್ಚು ಸಿಗುತ್ತಿತ್ತು ಎಂದಾದರೆ ಆವತ್ತು ರಿಫೈನ್ ಮಾಡಬಾರದು.

1,000 ಬಟ್ಟೆಗೆ 3,000 ನಾರು ಕೊಳ್ಳಬೇಡಿ. ಶೇ. 36.7 ರಿಟರ್ನ್‌ನಲ್ಲಿ 1,900 ನಾರು, 633 ಟಿ4 ಬಟ್ಟೆ ಸಾಕು. ಮೊದಲ ಸುತ್ತಿಗೆ 633 ಆಗುತ್ತವೆ; ವಾಪಸ್ ಬಂದದ್ದನ್ನು ಮತ್ತೆ ಹಾಕಿದರೆ 232, ಆಮೇಲೆ 85, 31, 11, ಹೀಗೆ. ಕೊನೆಯ ಚಿಲ್ಲರೆಯನ್ನು ಬ್ಯಾಂಕಿನಲ್ಲೇ ಬಿಟ್ಟು ಮುಂದಿನ ಲಾಟಿಗೆ ಸೇರಿಸಿ.

ಒಟ್ಟಿನಲ್ಲಿ ಲಾಭ ಇರುವುದು ಫೋಕಸ್‌ನಲ್ಲಿ. ಪ್ರೀಮಿಯಂ ಇದ್ದರೆ ದಿನಕ್ಕೆ 10,000 ಬರುತ್ತದೆ, 30,000ಕ್ಕೆ ನಿಲ್ಲುತ್ತದೆ. ಮೂರು ದಿನ ಮುಟ್ಟದಿದ್ದರೆ ಆಮೇಲಿನದೆಲ್ಲ ಚೆಲ್ಲಿಹೋದಂತೆ. ಆದ್ದರಿಂದ ನೋಡಬೇಕಾದ್ದು ಒಂದು ಬಟ್ಟೆಗೆ ಎಷ್ಟು ಉಳಿಯಿತು ಎಂದಲ್ಲ, ಒಂದು ಫೋಕಸ್‌ಗೆ ಎಷ್ಟು ಸಿಲ್ವರ್ ಬಂತು ಎಂದು. ಮೇಲಿನ ಲೆಕ್ಕದಲ್ಲಿ ಫೋಕಸ್ ತಂದ ಹೆಚ್ಚುವರಿ 224. ಪರದೆಯಲ್ಲಿ ಫೋಕಸ್ ಖರ್ಚು 80 ತೋರಿಸಿದರೆ ಫೋಕಸ್‌ಗೆ 2.8. ಟಿ6ರಲ್ಲಿ ಹೆಚ್ಚುವರಿ 400 ಸಿಕ್ಕರೂ ಖರ್ಚು 160 ಇದ್ದರೆ 2.5ಕ್ಕೇ ಇಳಿಯಿತು, ಟಿ5 ಮೇಲು. ಸ್ಪೆಷಲೈಸೇಷನ್‌ನಿಂದ (ಒಂದೇ ಸಾಮಗ್ರಿಯಲ್ಲಿ ಪಳಗುವುದರಿಂದ) ಬರುವ ಎಫಿಷಿಯೆನ್ಸಿ ಪ್ರತಿ 10,000 ಅಂಕಕ್ಕೂ ಈ ಖರ್ಚನ್ನು ಅರ್ಧ ಮಾಡುತ್ತದೆ. ಎಲ್ಲದರಲ್ಲೂ ಒಂದೊಂದು ಕೈ ಹಾಕುವವನು ಒಂದೇ ಸಾಮಗ್ರಿ ಹಿಡಿದವನ ಎದುರು ಸೋಲುವುದು ಇದಕ್ಕೇ.

ಸಾಗಣೆ ಬಗ್ಗೆ ಒಂದೇ ಮಾತು: ಕೇರ್ಲಿಯನ್ ಊರಿಗೆ ಹೋಗಬೇಕೆಂದರೆ ರೆಡ್ ಝೋನ್ (ಬೇರೆ ಆಟಗಾರರು ಕೊಲ್ಲಬಹುದಾದ ಜಾಗ) ದಾಟಲೇಬೇಕು. ಅಲ್ಲಿ ಸತ್ತರೆ ಹೊತ್ತಿದ್ದೆಲ್ಲ ಹೋಯಿತು. ಕೇರ್ಲಿಯನ್ ದರ ನೋಡಿ ಎತ್ತಿನ ಮೇಲೆ ಪೂರ್ತಿ ಲಾಟು ಹೇರಬೇಡಿ, ಎರಡು ಮೂರು ಕಂತಲ್ಲಿ ಒಯ್ಯಿರಿ.

ಮುಂದಿನ ಕಂತು ಬ್ರಾಡ್‌ಸೋರ್ಡ್. ಕತ್ತಿಗೂ ಲಿಮ್‌ಹರ್ಸ್ಟ್‌ನಲ್ಲೇ ಬೋನಸ್, ಆದರೆ ಅದು 40 ಅಲ್ಲ, 15. ರಿಟರ್ನ್ ಶೇ. 24.8, ಫೋಕಸ್ ಹಾಕಿದರೆ ಶೇ. 47.9. ಬೇಕಾದ್ದು 16 ಲೋಹದ ಬಾರ್, 8 ಚರ್ಮ. ಎರಡೂ ಬೇರೆ ಊರಿನ ಸರಕು, ಬೆಲೆಯಲ್ಲಿ ಸಾಗಿಸಿದವನ ಪಾಲೂ ಸೇರಿರುತ್ತದೆ. ಆರ್ಟಿಫ್ಯಾಕ್ಟ್ (ವಿಶೇಷ ವಸ್ತು) ಸೇರಿಸಿ ಮಾಡುವ ಕತ್ತಿಗೆ ಸದ್ಯ ಹೋಗುತ್ತಿಲ್ಲ, ಆರ್ಟಿಫ್ಯಾಕ್ಟ್‌ಗೆ ರಿಟರ್ನ್ ಇಲ್ಲ. ಕ್ವಾಲಿಟಿ ಮೇಲೂ ಆಸೆ ಬೇಡ: ಮೂಲ ಸಂಭವದಲ್ಲಿ ಶೇ. 68.9 ನಾರ್ಮಲ್, ಶೇ. 25 ಗುಡ್, ಮಾಸ್ಟರ್‌ಪೀಸ್ ಶೇ. 0.1 ಮಾತ್ರ. ಮಾರುವಾಗ ಮಾತ್ರ ಔಟ್‌ಸ್ಟ್ಯಾಂಡಿಂಗ್, ಎಕ್ಸಲೆಂಟ್ ಕತ್ತಿಗಳನ್ನು ಬೇರೆ ಎತ್ತಿಡಿ. ನಾರ್ಮಲ್ ಬೈ ಆರ್ಡರ್ ಮೇಲಿನ ಕ್ವಾಲಿಟಿಯನ್ನೂ ನುಂಗುತ್ತದೆ, ಕೊಡುವುದು ನಾರ್ಮಲ್ ಬೆಲೆಯನ್ನೇ.